ಸರ್ಜಿಕಲ್ ಚೆಕ್‌ಲಿಸ್ಟ್: ಟಿಕ್ ಪೂರ್ತಿ ಇದೆ, ಓದುವವರಿಲ್ಲ

ಪ್ರಶ್ನೆ (ಕ್ವಾಲಿಟಿ ನರ್ಸ್)
100 ಹಾಸಿಗೆಯ ತಾಲ್ಲೂಕು ಆಸ್ಪತ್ರೆ, ಎರಡು ಓ.ಟಿ. (ಆಪರೇಷನ್ ಥಿಯೇಟರ್). ಡಬ್ಲ್ಯುಎಚ್‌ಒ ಚೆಕ್‌ಲಿಸ್ಟ್ (ಆಪರೇಷನ್ ಸುರಕ್ಷತೆಗೆ ತಂಡ ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಬೇಕಾದ, ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿ) ಪ್ರತಿ ಕೇಸ್ ಶೀಟಿನಲ್ಲೂ ಇರುತ್ತೆ, 19ಕ್ಕೆ 19 ಟಿಕ್. ಆದರೆ ಎಲ್ಲವೂ ಆಪರೇಷನ್ ಮುಗಿದ ಮೇಲೆ, ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿಗೆ ಹಾಕಿದ್ದು. ಎರಡು ಸಲ ಸರ್ಕ್ಯುಲರ್ ಹೋಗಿದೆ. ಮುಂದೇನು ಮಾಡೋದು?

ಉತ್ತರ 1 (ಅರಿವಳಿಕೆ ವೈದ್ಯ)
ಮೂರನೇ ಸರ್ಕ್ಯುಲರ್ ಮಾತ್ರ ಬೇಡ. 2009ರಲ್ಲಿ ಪ್ರಕಟವಾದ ಎಂಟು ನಗರಗಳ ಅಧ್ಯಯನದಲ್ಲಿ (ನವದೆಹಲಿಯೂ ಒಂದು) ಈ ಪಟ್ಟಿ ಬಳಸಿದ ಮೇಲೆ ಆಪರೇಷನ್ ಆದವರ ಸಾವು ಶೇ 1.5ರಿಂದ 0.8ಕ್ಕೆ ಇಳಿದಿತ್ತು. 2014ರಲ್ಲಿ ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳ ಲೆಕ್ಕ ಬಂದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಕಾರಣದ ಬಗ್ಗೆ ವಾದ ನಡೆದೇ ಇದೆ. ನನ್ನ ಪ್ರಕಾರ, ವರದಿ ಒಪ್ಪಿಸೋಕೆ ತುಂಬಿದ ಹಾಳೆಗೂ ತಂಡ ನಿಂತು ಕೇಳಿಸಿಕೊಂಡ ಹಾಳೆಗೂ ಇರುವ ವ್ಯತ್ಯಾಸ ಅದು.

ಎರಡೂ ಓ.ಟಿ.ಯಲ್ಲಿ ಒಟ್ಟಿಗೆ ಶುರು ಮಾಡಬೇಡಿ. ಒಪ್ಪುವ ಒಬ್ಬ ಸರ್ಜನ್, ಒಂದು ಓ.ಟಿ., ಮೊದಲ ವಾರ ದಿನದ ಮೊದಲ ಕೇಸ್ ಮಾತ್ರ. ಎಲ್ಲಿ ತೊಡಕಾಯಿತು ಅಂತ ಅವತ್ತೇ ಕೇಳಿ, ಹಾಳೆಯ ಮಾತು ತಿದ್ದಿ, ಮಾರನೇ ದಿನ ಮತ್ತೆ ನೋಡಿ.

ಆ್ಯಂಟಿಬಯೋಟಿಕ್ ಸಾಲಿನಿಂದ ಶುರು ಮಾಡಿದರೆ ಫಲ ಬೇಗ ಕಾಣುತ್ತೆ. ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಹೋಗಿರಬೇಕು. ವಾರ್ಡಿನಲ್ಲಿ 8ಕ್ಕೇ ಕೊಟ್ಟುಬಿಡ್ತಾರೆ, ಕೇಸ್ ತಗೊಳ್ಳೋದು 11ಕ್ಕೆ. ಔಷಧದ ಸೀಸೆಯನ್ನು ರೋಗಿಯ ಜೊತೆ ಕಳಿಸಿ, ಟೇಬಲ್ ಮೇಲೆ ಅರಿವಳಿಕೆಯವರೇ ಕೊಡಲಿ. ಯಾರನ್ನೂ ಬೈಯಬೇಕಿಲ್ಲ.

ಉತ್ತರ 2 (ಓ.ಟಿ. ಇನ್‌ಚಾರ್ಜ್ ಸಿಸ್ಟರ್)
ಮೊದಲು ಕಾಗದ ಸಿಸ್ಟರ್ ತಲೆಯಿಂದ ಇಳಿಸಿ. ಸರ್ಕ್ಯುಲೇಟಿಂಗ್ ಸಿಸ್ಟರ್ (ಓ.ಟಿ.ಯಲ್ಲಿ ಓಡಾಡಿ ಸಾಮಾನು ಒದಗಿಸುವವರು) ಗಟ್ಟಿಯಾಗಿ ಓದಲಿ, ಉತ್ತರ ಸರ್ಜನ್ ಮತ್ತು ಅರಿವಳಿಕೆಯವರು ಬಾಯಲ್ಲಿ ಹೇಳಲಿ. ಟೈಮ್‌ಔಟ್ (ಕೊಯ್ಯುವ ಮುಂಚೆ ಎಲ್ಲರೂ ನಿಂತು ಪಟ್ಟಿ ಕೇಳಿಸಿಕೊಳ್ಳುವ ಹಂತ) ಮುಗಿಯುವ ತನಕ ಉಪಕರಣ ಕೊಡುವ ಸ್ಕ್ರಬ್ ಸಿಸ್ಟರ್ ಬ್ಲೇಡ್ ಕೈಗೆ ಕೊಡಬಾರದು. ಇದನ್ನು ಆಡಳಿತ ವೈದ್ಯಾಧಿಕಾರಿಗಳು ಸರ್ಜನ್‌ಗಳ ಎದುರಿಗೇ ಹೇಳಬೇಕು. ಇಲ್ಲದಿದ್ದರೆ ಮೊದಲ ಸಲ ಗದರಿಸಿದಾಗಲೇ ಬ್ಲೇಡ್ ಕೈ ದಾಟುತ್ತೆ, ಅಲ್ಲಿಗೆ ಕಥೆ ಮುಗೀತು.

"ನೀವು ರಾಮಣ್ಣ ತಾನೇ?" ಅಂತ ಕೇಳಬೇಡಿ. ಭಯದಲ್ಲಿರುವವರು ಏನು ಕೇಳಿದರೂ "ಹೂಂ" ಅಂತಾರೆ. "ನಿಮ್ಮ ಹೆಸರೇನು? ಯಾವ ಕಡೆ ಆಪರೇಷನ್? ಕೈಯಿಟ್ಟು ತೋರಿಸಿ" ಅನ್ನಿ. ಅರಿವಳಿಕೆಗೆ ಮುಂಚೆಯೇ ಆಗಬೇಕು.

ಮಾಪ್ (ರಕ್ತ ಒರೆಸುವ ಬಟ್ಟೆ) ಲೆಕ್ಕ ಬಿಳಿ ಬೋರ್ಡಿನ ಮೇಲೆ ಬರೀರಿ. ನಡುವೆ ಕೊಟ್ಟ ಪ್ರತಿ ಕಟ್ಟನ್ನೂ ಆಗಲೇ ಸೇರಿಸಿ. ಲೆಕ್ಕ ತಪ್ಪೋದು ಹೆಚ್ಚಾಗಿ ಇಲ್ಲೇ.

ಉತ್ತರ 3 (ಜಿಲ್ಲಾ ಕ್ವಾಲಿಟಿ ತಂಡ)
ಮೇಲಿನದಕ್ಕೆ ಒಂದು ತಕರಾರು: ಎಮರ್ಜೆನ್ಸಿ ಸಿಸೇರಿಯನ್‌ನಲ್ಲಿ ಬ್ಲೇಡ್ ಹಿಡಿದು ನಿಲ್ಲೋಕೆ ಆಗಲ್ಲ. ಅಂಥ ಕೇಸಿಗೆ ಹೆಸರು, ಅಲರ್ಜಿ, ರಕ್ತ ಸಿದ್ಧವಿದೆಯೇ, ಮಗುವನ್ನು ಯಾರು ನೋಡಿಕೊಳ್ತಾರೆ ಅನ್ನೋ ನಾಲ್ಕು ಮಾತು ಮೊದಲೇ ಒಪ್ಪಿಕೊಂಡಿರಿ. ಸ್ಪಿರಿಟ್ ಹಚ್ಚುವಾಗಲೇ ಕೇಳಿ ಮುಗಿಸಬಹುದು.

ಟಿಕ್ ಎಣಿಸೋದು ನಿಲ್ಲಿಸಿ. ವಾರಕ್ಕೆ ಐದು ಕೇಸ್ ಒಳಗೆ ನಿಂತು ನೋಡಿ: ಎಲ್ಲರೂ ಕೈಕೆಲಸ ನಿಲ್ಲಿಸಿದರಾ, ಸರ್ಜನ್ ಬಾಯಿಬಿಟ್ಟು ಉತ್ತರಿಸಿದರಾ, ಸೈನ್‌ಔಟ್ (ಪಟ್ಟಿಯ ಕೊನೆಯ ಹಂತ) ರೋಗಿ ಹೊರಹೋಗುವ ಮುಂಚೆ ಆಯಿತಾ. ಐದರಲ್ಲಿ ಎಷ್ಟು ಅಂತ ಡಾಕ್ಟರ್ಸ್ ರೂಮಿನ ಗೋಡೆಗೆ ಅಂಟಿಸಿ, ಹೆಸರು ಹಾಕಬೇಡಿ. ಮೊದಲ ತಿಂಗಳು ಅಂಕಿ ಕೆಳಗೇ ಇರುತ್ತೆ. ಆಗ ಮೇಲಿನವರು ವಿವರಣೆ ಕೇಳಿ ನೋಟಿಸ್ ಕೊಟ್ಟರೆ, ಮರುವಾರವೇ ಐದಕ್ಕೆ ಐದು ಬಂದಿರುತ್ತೆ, ಅದೇ ಹಳೇ ಪೆನ್ನಿನಲ್ಲಿ.