ಎನರ್ಜಿ ಆಡಿಟರ್‌ಗೆ ಕೇಳಿ: ವಿದ್ಯುತ್, ಇಂಧನ ಮತ್ತು ಇಂಗಾಲ

ಬಿಡಿಭಾಗ ಘಟಕ: ನಮಸ್ಕಾರ ಸರ್. ರಜೆಯ ದಿನವೂ ನಮ್ಮ ಮೀಟರ್ ಕೆಲಸದ ದಿನದ ಮೂರನೇ ಒಂದು ಪಾಲು ಯೂನಿಟ್ ತೋರಿಸುತ್ತದೆ. ಛಾವಣಿಗೆ ಸೌರಫಲಕ ಹಾಕಿಸಿದರೆ ಇಂಗಾಲದ ಹೊರಸೂಸುವಿಕೆ ಇಳಿಯುತ್ತದೆಯೇ?

ಆಡಿಟರ್: ನಮಸ್ಕಾರ. ಹಾಕಿಸಿ, ಆದರೆ ಈಗಲೇ ಬೇಡ. ಯಾರೂ ಇಲ್ಲದ ದಿನ ಅಷ್ಟು ಖರ್ಚು ಎಂದರೆ ನನಗೆ ಗಾಬರಿಯಾಗುತ್ತದೆ. ಏರ್ ಕಂಪ್ರೆಸರ್ (ಗಾಳಿ ಒತ್ತಿ ಯಂತ್ರಗಳಿಗೆ ಕೊಡುವ ಸಾಧನ) ಚಾಲೂ ಇದೆ ಎಂಬುದು ನನ್ನ ಅನುಮಾನ. ಮುಂದಿನ ರಜೆಯಂದು ಒಳಗೆ ಹೋಗಿ ಸುಮ್ಮನೆ ನಿಂತು ಕೇಳಿ. ಸುಯ್ಯೆಂಬ ಸದ್ದು ಬಂದಲ್ಲಿ ಸೋಪಿನ ನೀರು ಹಚ್ಚಿ. ಗುಳ್ಳೆ ಉಬ್ಬಿದರೆ ಅಲ್ಲೇ ಸೋರಿಕೆ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತೊಂದೇ 3ರಿಂದ 4 ಕಿಲೋವ್ಯಾಟ್ ನುಂಗುತ್ತದೆ. ಕಂಪ್ರೆಸರ್ ಎಷ್ಟು ಹೊತ್ತು ಲೋಡ್ (ಗಾಳಿ ಒತ್ತುವುದು), ಎಷ್ಟು ಹೊತ್ತು ಅನ್‌ಲೋಡ್ (ಒತ್ತದೆ ಸುಮ್ಮನೆ ತಿರುಗುವುದು) ಎಂದು ಗಡಿಯಾರ ಹಿಡಿದು ಬರೆದುಕೊಳ್ಳಿ. ಯಾವ ಯಂತ್ರವೂ ಗಾಳಿ ಬಳಸದಿರುವಾಗ ಲೋಡ್ ಆದ ಹೊತ್ತೆಲ್ಲ ಸೋರಿಕೆಯದು. ಅನ್‌ಲೋಡ್‌ನಲ್ಲೂ ಅದು ವಿದ್ಯುತ್ ತಿನ್ನುತ್ತಲೇ ಇರುತ್ತದೆ. ತೂತು ಮುಚ್ಚಿದ ಮೇಲೆ ಒತ್ತಡ ಇಳಿಸಿ ನೋಡಿ. 1 ಬಾರ್‌ಗೆ ಸುಮಾರು ಶೇಕಡಾ 6–7 ಉಳಿತಾಯ. ಆಮೇಲೆ ಫಲಕದ ಅಳತೆ ಮಾಡೋಣ.

ಮುದ್ರಣಾಲಯ: ಈ ಸಂದೇಶ ನಿಜವೇ? ‘ಸಾಕೆಟ್‌ಗೆ ಪುಟ್ಟ ಪೆಟ್ಟಿಗೆ ಸಿಕ್ಕಿಸಿ, ಬಿಲ್ ಅರ್ಧ!’

ಆಡಿಟರ್: ಸುಳ್ಳು. ಒಳಗಿರುವುದು ಕೆಪಾಸಿಟರ್. ಅದು ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬರುವ ಪಾಲು) ತಿದ್ದಬಹುದು, ಯೂನಿಟ್ ಅರ್ಧ ಮಾಡದು. ಇಂಥದ್ದನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಹೋಟೆಲ್: ನಮ್ಮದು ಡೀಸೆಲ್ ಬಾಯ್ಲರ್. ಹಸಿರು ವಿದ್ಯುತ್ ಪ್ರಮಾಣಪತ್ರ (ಸೌರ, ಗಾಳಿಯಂಥ ಮೂಲದಿಂದ ವಿದ್ಯುತ್ ಉತ್ಪಾದನೆಯಾಗಿದೆ ಎಂಬ ಪತ್ರ) ಕೊಂಡಿದ್ದೇವೆ. ಸಾಕಲ್ಲವೇ?

ಜವಳಿ ಘಟಕ: ಕಾಗದ ಕೊಂಡರೆ ಮೀಟರ್ ನಿಲ್ಲುತ್ತದೆಯೇ?

ಹೋಟೆಲ್: ನಿಯಮ ಒಪ್ಪಿದ್ದನ್ನೇ ಮಾಡಿದ್ದೇವೆ. ಪಾಠ ಬೇಡ.

ಜವಳಿ ಘಟಕ: ನಿಯಮ ಪೂರ್ತಿ ಓದಿ. ಇಂಗಾಲದ ಲೆಕ್ಕಕ್ಕೆ ಅಂತರರಾಷ್ಟ್ರೀಯ ಮಾನದಂಡವಾದ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್‌ನ 2015ರ ಮಾರ್ಗಸೂಚಿ ಎರಡು ಲೆಕ್ಕ ಕೇಳುತ್ತದೆ: ನೀವು ಕೊಂಡ ವಿದ್ಯುತ್ತಿನದು ಒಂದು, ಗ್ರಿಡ್‌ನ ಸರಾಸರಿಯದು ಇನ್ನೊಂದು.



ಹೋಟೆಲ್: ಆಡಿಟರ್ ಉತ್ತರಿಸಲಿ. ನಿಮ್ಮನ್ನು ಯಾರು ಕೇಳಿದರು?

ಆಡಿಟರ್: ಅವರು ಹೇಳಿದ್ದು ಸರಿ. ನಿಮ್ಮ ಡೀಸೆಲ್‌ಗಂತೂ ವಿದ್ಯುತ್ ಪ್ರಮಾಣಪತ್ರ ಅನ್ವಯಿಸುವುದೇ ಇಲ್ಲ. ಲೀಟರಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಚಿಮಣಿಯಿಂದ ಹೋಗುತ್ತಿದೆ.

ಹಿಟ್ಟಿನ ಗಿರಣಿ: ಫ್ಯಾನ್‌ಗೆ ಡ್ಯಾಂಪರ್ (ಗಾಳಿ ತಡೆಯುವ ತಗಡು) ಇದೆ. ವೇಗ ಬದಲಿಸುವ ಡ್ರೈವ್ ಬೇಕೇ?

ಆಡಿಟರ್: ಗಾಳಿಯ ಅಗತ್ಯ ಏರಿಳಿಯುತ್ತಿದ್ದರೆ ಬೇಕು. ವೇಗ ಶೇಕಡಾ 20 ಇಳಿದರೆ ವಿದ್ಯುತ್ ಸುಮಾರು ಅರ್ಧವಾಗುತ್ತದೆ.

ಬೇಕರಿ: ಆ ಪೆಟ್ಟಿಗೆ ದೊಡ್ಡದು ಕೊಂಡರೆ?

ಆಡಿಟರ್: ಮೇಲೆ ಹೇಳಿದ್ದೇನೆ. ಓದಿ.

ಬಿಡಿಭಾಗ ಘಟಕ: ಸರ್, ಇಂದು ರಜೆ. ಬರೆದುಕೊಂಡೆವು. ಪ್ರತಿ 10 ನಿಮಿಷಕ್ಕೆ 3 ನಿಮಿಷ ಲೋಡ್.

ಆಡಿಟರ್: ಕಂಪ್ರೆಸರ್ ಸಾಮರ್ಥ್ಯದ ಶೇಕಡಾ 30 ಸೋರುತ್ತಿದೆ. ಟ್ಯಾಂಕ್‌ನ ಮುಖ್ಯ ವಾಲ್ವ್ ಮುಚ್ಚಿ ಇನ್ನೊಮ್ಮೆ ಅಳೆಯಿರಿ. ಆಗಲೂ ಅಷ್ಟೇ ಬಂದರೆ ಸೋರಿಕೆ ವಾಲ್ವ್‌ನ ಈಚೆಗೆ, ಕಂಪ್ರೆಸರ್ ಬದಿಯಲ್ಲೇ ಇದೆ. ಡ್ರೇನ್ (ಟ್ಯಾಂಕ್‌ನ ನೀರು ಹೊರಬಿಡುವ ಕಿಂಡಿ) ಮೊದಲು ನೋಡಿ. ಸೋರುವಲ್ಲಿ ಬರಿಗೈ ಮಾತ್ರ ಇಡಬೇಡಿ.