ಅಪ್‌ಡೇಟ್: ಹೊಟ್ಟೆ ತುಂಬುವ ಕೋಳಿ ಸಲಾಡ್ ಕೊನೆಗೂ ಕೈಹಿಡಿಯಿತು

ರಾತ್ರಿ ಅನ್ನದ ಬದಲು ಕೋಳಿ ಸಲಾಡ್ ಮಾಡಿದರೆ ಎದೆಮಾಂಸ ನಾರಾಗುತ್ತದೆ, ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ಮಲಗುವ ಹೊತ್ತಿಗೆ ಮತ್ತೆ ಹಸಿವು ಎಂದು ಕಾರವಾರದಿಂದ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಸಾರೆ ಧನ್ಯವಾದ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಉಪ್ಪುನೀರು. ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ, ಮಾಂಸವನ್ನು ಅದರಲ್ಲಿ ಮುಳುಗಿಸಿ ಒಂದು ಗಂಟೆ ಫ್ರಿಜ್‌ನಲ್ಲಿಡುತ್ತೇನೆ. ಉಪ್ಪು ಮಾಂಸದ ಪ್ರೋಟೀನನ್ನು ಸಡಿಲಿಸುವುದರಿಂದ ಬೆಂದಾಗಲೂ ರಸ ಒಳಗೇ ಉಳಿಯುತ್ತದೆ. ಆಮೇಲೆ ಕಾವಲಿಯ ಮೇಲೆ ಮಧ್ಯಮ ಉರಿ, ಮುಚ್ಚಳ. ನಡುಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪಿದೊಡನೆ ಇಳಿಸುತ್ತೇನೆ. ಐದು ನಿಮಿಷ ಬಿಟ್ಟು, ಎಳೆಗಳಿಗೆ ಅಡ್ಡವಾಗಿ ಕತ್ತರಿಸಿದರೆ ಎಷ್ಟು ಮೃದು!

ಸೌತೆಕಾಯಿಗೆ ಮೊದಲೇ ಉಪ್ಪು ಹಚ್ಚಿ ಹಿಂಡಿದರೆ ನೀರಿನ ಸಮಸ್ಯೆ ಮುಗಿಯಿತು. ಹಸಿವಿಗೆ ಬೇಯಿಸಿದ ಕಡಲೆಕಾಳು ಮತ್ತು ಗೆಣಸು. ಲೆಟ್ಯೂಸ್ ಬದಲು ಸಣ್ಣಗೆ ಹೆಚ್ಚಿದ ಎಲೆಕೋಸು ಹಾಕುತ್ತೇನೆ, ಅದು ಬೇಗ ಬಾಡುವುದಿಲ್ಲ.

ಮೇಯನೇಸ್ ನನಗೆ ಒಗ್ಗಲಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ನಿಂಬೆರಸ ಸೇರಿಸುವುದೇ ಮೇಲು. ಈರುಳ್ಳಿ ಮಾತ್ರ ಕುಮಟಾದ ಸಿಹಿ ಈರುಳ್ಳಿಯೇ ಆಗಬೇಕು. ಬೇಸಿಗೆಯಲ್ಲಿ ಹೆದ್ದಾರಿ 66ರ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುಹಾಕಿ ಮಾರುವ ಅದನ್ನು ಹಸಿಯಾಗಿ ತಿಂದರೂ ಘಾಟು ಬಡಿಯುವುದಿಲ್ಲ. ಆ ಕಡೆ ಹೋದವರು ಖಂಡಿತ ಕೊಳ್ಳಿ.

ಮಧ್ಯಾಹ್ನದ ಡಬ್ಬಿಗೆ ಒಯ್ಯಿರಿ ಎಂಬ ಸಲಹೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಬೇಯಿಸಿದ ಕೋಳಿಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ನಮ್ಮ ಕಚೇರಿಯಲ್ಲಿ ಫ್ರಿಜ್ ಇಲ್ಲ.