ಕೆಲಸ ಬಿಟ್ಟು ಪನ್ವೇಲ್‌ನಿಂದ ಕನ್ಯಾಕುಮಾರಿಗೆ: ಹೋಗಿ ಬಂದವರು ಹೇಳಿ

ಕೇಳಿದವರು: ನಾವಿಬ್ಬರೂ ಅಕ್ಟೋಬರ್ ಕೊನೆಗೆ ಬೆಂಗಳೂರಿನ ಕೆಲಸ ಬಿಡುತ್ತಿದ್ದೇವೆ. ಮುಂಬೈ ಬಳಿಯ ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಸುಮಾರು 1,600 ಕಿ.ಮೀ., ನಮ್ಮ ಹಳೆಯ ಪೆಟ್ರೋಲ್ ಕಾರಿನಲ್ಲಿ ನಿಧಾನವಾಗಿ ಹೋಗುವ ಆಸೆ. ಹೆಂಡತಿಗೆ ಬೆನ್ನುನೋವು ಇದೆ. ದಿನಕ್ಕೆ ಎಷ್ಟು ದೂರ ಓಡಿಸಬಹುದು? ಎಲ್ಲಿ ಹೆಚ್ಚು ದಿನ ಉಳಿಯುವುದು ಒಳ್ಳೆಯದು?

ದಾವಣಗೆರೆಯವರು: ಹೆದ್ದಾರಿ 66ನ್ನೇ ಹಿಡಿದರೆ ಮಹಾರಾಷ್ಟ್ರದಲ್ಲಿ ಕಡಲು ಕಣ್ಣಿಗೇ ಬೀಳುವುದಿಲ್ಲ. ಅದು ಮಹಾಡ್, ಚಿಪಳೂಣ್ ಎಂದು ಒಳನಾಡಿನಲ್ಲೇ ಹೋಗುತ್ತದೆ. ನಾವು ಅಲಿಬಾಗ್ ಕಡೆಯಿಂದ ದಂಡೆಯ ರಸ್ತೆ ಹಿಡಿದೆವು. ಅಗರದಾಂಡಾದಿಂದ ದಿಘಿ, ಬಾಗಮಾಂಡ್ಲಾದಿಂದ ವೇಶ್ವಿ, ದಾಭೋಳದಿಂದ ಧೋಪಾವೆ, ತವಸಾಳದಿಂದ ಜಯಗಡ: ಈ ಅಳಿವೆಗಳನ್ನೆಲ್ಲ ಕಾರನ್ನು ಬಾರ್ಜಿಗೆ ಏರಿಸಿಯೇ ದಾಟಿದೆವು. ದಾಪೋಲಿಯ ಏರಿನಲ್ಲಿ ಕ್ಲಚ್ ಸುಟ್ಟಿತು. ಎಳೆದು ತಂದವನಿಗೆ 3,500, ಕ್ಲಚ್ ಸೆಟ್ 6,850, ಕೂಲಿ 2,400, ಬಿಡಿಭಾಗ ಬರುವವರೆಗೆ ಕೋಣೆಗೆ ದಿನಕ್ಕೆ 1,300. ಹೊಸದೆಂದು ಹಣ ಪಡೆದು ಹಳೆಯ ಪ್ಲೇಟನ್ನೇ ಹಾಕಿದ್ದನೆಂದು ಮಾಲವಣದಲ್ಲಿ ತಿಳಿಯಿತು. ಅಲ್ಲಿ ಮತ್ತೆ 9,100. ಆದರೂ ಆ ದಾರಿಯೇ ದಾರಿ. ಗೋವಾ ದಾಟಿದ ಮೇಲೆ ನೋಡುವಂಥದ್ದೇನೂ ಇಲ್ಲ. ಕಾರವಾರದಿಂದ ಮಂಗಳೂರಿಗೆ ಒಂದೇ ದಿನದಲ್ಲಿ ಬಂದುಬಿಡಿ.

ಕುಂದಾಪುರದವಳು: ಏನೂ ಇಲ್ಲವೇ? ಗೋವಾ ಗಡಿಯಿಂದ ಹೊನ್ನಾವರ ದಾಟುವಷ್ಟರಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ದಾಟುತ್ತೀರಿ. ಮರವಂತೆಯಲ್ಲಿ ಎಡಕ್ಕೆ ಸೌಪರ್ಣಿಕಾ, ಬಲಕ್ಕೆ ಕಡಲು, ನಡುವೆ ಹೆದ್ದಾರಿ. ಕಣ್ಣು ಮುಚ್ಚಿ ಓಡಿಸಿದವರಿಗೆ ಮಾತ್ರ ಇದು ಕಾಣಿಸುವುದಿಲ್ಲ. ನಮ್ಮ ಯಜಮಾನರು ಕೆಲಸ ಬಿಟ್ಟದ್ದು 2024ರ ಜೂನ್‌ನಲ್ಲಿ. ಮಳೆಯ ಕಡಲು ನೋಡಬೇಕೆಂದು ಹಟ ಹಿಡಿದು ಹೊರಟೆವು. ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿತು. ಕಾರವಾರದ ವಸತಿಗೃಹದವರು ಮುಂಗಡದ 4,500ರಲ್ಲಿ ಒಂದು ರೂಪಾಯಿಯನ್ನೂ ಹಿಂತಿರುಗಿಸಲಿಲ್ಲ. ಘಟ್ಟ ಹತ್ತಿ ಬಳಸಿ ಬಂದದ್ದಕ್ಕೆ ಪೆಟ್ರೋಲಿಗೆ 2,100 ಹೆಚ್ಚು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆಯೇ ಕುಸಿಯಿತು. ಶಿರೂರಿನಲ್ಲಿ ಜೀವ ಹೋದವರ ಮನೆಯವರನ್ನು ನೆನೆದರೆ ನಮ್ಮ ಹಣದ ಮಾತು ಬಾಯಿಗೆ ಬರಬಾರದು. ಆದರೆ ಈ ಕರಾವಳಿಯನ್ನು ಒಂದು ದಿನದಲ್ಲಿ ಮುಗಿಸಿ ಎನ್ನುವುದನ್ನು ನಾನು ಸಹಿಸುವುದಿಲ್ಲ.

ಲೆಕ್ಕಪತ್ರದವನು: ನೋಟದ ಮಾತು ಆಮೇಲೆ. ಕೆಲಸದ ಕೊನೆಯ ದಿನಕ್ಕೇ ಕಚೇರಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ನಿಂತುಹೋಗುತ್ತದೆ ಎಂದು ನಮಗೆ ಯಾರೂ ಹೇಳಲಿಲ್ಲ. ಹೊಸ ಪಾಲಿಸಿ ಮಾಡಿಸಿ ಹೊರಟೆವು. ಕಣ್ಣೂರಿನಲ್ಲಿ ಹೆಂಡತಿಗೆ ಅಪೆಂಡಿಕ್ಸ್ ನೋವು, ಅದೇ ರಾತ್ರಿ ಶಸ್ತ್ರಚಿಕಿತ್ಸೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟರೆ ಮೊದಲ 30 ದಿನ ಯಾವ ಕಾಯಿಲೆಗೂ ಹಣ ಸಿಗುವುದಿಲ್ಲ. ಬಿಲ್ಲು 78,400, ಔಷಧಿ ಬೇರೆ 6,320, ಹೊಲಿಗೆ ಒಣಗುವವರೆಗೆ ಹಿಡಿದ ಮನೆಗೆ 11,000. ಗುಂಪು ವಿಮೆಯನ್ನು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಅರ್ಜಿಯನ್ನು ಕೆಲಸದಲ್ಲಿರುವಾಗಲೇ ಕೊಡಿ. ಅದೇ ಕೆಲಸದಲ್ಲಿ ಐದು ವರ್ಷ ತುಂಬಲು ಸ್ವಲ್ಪವೇ ಬಾಕಿಯಿದ್ದರೆ ತಾಳಿಕೊಳ್ಳಿ. ಐದು ವರ್ಷ ದುಡಿದು ಬಿಡುವವರಿಗೆ ಸಿಗುವ ಗ್ರ್ಯಾಚುಟಿ ಹಣ ಕೈತಪ್ಪಿದ ಸಂಕಟ ನನಗೆ ಇಂದಿಗೂ ಇದೆ.

ದಾವಣಗೆರೆಯವರು: ಎಲ್ಲ ಲೆಕ್ಕ ಕೂಡಿಸಿ ಹೊರಡಬೇಕೆಂದರೆ ಯಾರೂ ಕೆಲಸ ಬಿಡುವುದೇ ಇಲ್ಲ. ಹೆದರಿಸಬೇಡಿ.

ಲೆಕ್ಕಪತ್ರದವನು: ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ಹೆಂಡತಿಯ ಬಳೆ ಅಡವಿಡುವ ಯೋಚನೆ ಮಾಡಿದವನು ನಾನು. ಇದನ್ನು ಹೆದರಿಸುವುದು ಎನ್ನಬೇಡಿ.

ಬಯಲುಸೀಮೆಯ ಸವಾರ: ಕಣ್ಣೂರಿನ ಬಳಿ ಮುಳಪ್ಪಿಲಂಗಾಡು ಕಡಲತೀರವನ್ನು ಬಿಡಬೇಡಿ. ಸುಮಾರು 4 ಕಿ.ಮೀ. ಗಟ್ಟಿ ಮರಳು, ನೀರಿನಂಚಿನಲ್ಲೇ ಕಾರು ಓಡಿಸಬಹುದು. ಇಪ್ಪತ್ತು ವರ್ಷ ಕಾರ್ಖಾನೆಯ ಪಾಳಿಯಲ್ಲಿ ದುಡಿದ ನಾವಿಬ್ಬರೂ ಅಲ್ಲಿ ಮಕ್ಕಳಂತೆ ಕೂಗಿದೆವು.

ಕುಂದಾಪುರದವಳು: ಉಪ್ಪುನೀರು ಕಾರಿನ ತಳಕ್ಕೆ ಏನು ಮಾಡುತ್ತದೆಂದು ಕಡಲ ಬದಿಯಲ್ಲಿರುವ ನಮ್ಮನ್ನು ಕೇಳಿ. ನಮ್ಮ ಭಾವನ ಕಾರಿಗೆ ಅದೇ ಮರಳಿನ ಮೇಲೆ ಓಡಿಸಿದ ಮರುವರ್ಷ ಸೈಲೆನ್ಸರ್ 5,200, ಬ್ರೇಕ್ ಪೈಪು 1,850, ತಳಕ್ಕೆ ಲೇಪ 4,000. ಅಂದೇ ಸಿಹಿನೀರಿನಲ್ಲಿ ತಳ ತೊಳೆಸದಿದ್ದರೆ ತುಕ್ಕು ಖಂಡಿತ. ಮರಳಿನಲ್ಲಿರುವ ಏಡಿಗಳ ಗತಿಯನ್ನೂ ಯೋಚಿಸಿ.

ಬಯಲುಸೀಮೆಯ ಸವಾರ: ತೊಳೆಸಿದ್ದೇವೆ ಮೇಡಂ, 600 ರೂಪಾಯಿ ಕೊಟ್ಟು. ಊರ ಜನರೇ ಅಲ್ಲಿ ದಿನವೂ ಓಡಿಸುತ್ತಾರೆ. ಕಡಲು ನಿಮ್ಮೊಬ್ಬರದಲ್ಲ.

ಕೊಂಕಣ ರೈಲಿನವನು: ಕಾರೇ ಏಕೆ? ರೋಹಾದಿಂದ ತೋಕೂರಿಗೆ 741 ಕಿ.ಮೀ. ಕೊಂಕಣ ರೈಲು, 1998ರಿಂದ ಪೂರ್ತಿ ಓಡುತ್ತಿದೆ. ನಾವು ರೈಲಿನಲ್ಲಿ ಇಳಿಯುತ್ತ ಹತ್ತುತ್ತ ಬಂದೆವು. ಕ್ಲಚ್ಚಿನ ಗೋಳಿಲ್ಲ, ಇಬ್ಬರೂ ಕಿಟಕಿಯಾಚೆ ನೋಡಬಹುದು. ಕೇರಳದಲ್ಲಿ ಹೆದ್ದಾರಿಯನ್ನು ಆರು ಪಥ ಮಾಡುತ್ತಿದ್ದಾರೆ. ಎಷ್ಟೋ ಕಡೆ ರಸ್ತೆಯನ್ನು ಎತ್ತರಿಸಿದ್ದಾರೆ, ಗೋಡೆಗಳ ನಡುವೆ ಓಡಿಸಬೇಕು. ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಹಾಗೆ ಎತ್ತರಿಸಿದ ರಸ್ತೆಯೇ 2025ರ ಮೇ ತಿಂಗಳಲ್ಲಿ ಕುಸಿಯಿತು.

ದಾವಣಗೆರೆಯವರು: ಕೇಳಿದವರು ಕಾರಿನ ಬಗ್ಗೆ ಕೇಳಿದ್ದಾರೆ. ಸುರಂಗದ ಕತ್ತಲೆಯಲ್ಲಿ ಯಾವ ಕಡಲು ಕಂಡಿರಿ?

ಕೊಂಕಣ ರೈಲಿನವನು: ಶರಾವತಿ ಸೇತುವೆಯ ಮೇಲಿಂದ ಕಂಡೆ. ಗ್ಯಾರೇಜಿನಲ್ಲಿ ಕುಳಿತವರಿಗಿಂತ ಹೆಚ್ಚೇ ಕಂಡೆ.

ಕೇಳಿದವರು: ವಿಮೆಯ ವಿಚಾರ ನಮಗೂ ತಿಳಿದಿರಲಿಲ್ಲ, ನಾಳೆಯೇ ವಿಚಾರಿಸುತ್ತೇವೆ. ಬೆನ್ನುನೋವು ಇದ್ದವರು ಯಾರಾದರೂ ಈ ದಾರಿಯಲ್ಲಿ ಹೋಗಿದ್ದೀರಾ?

ಕುಂದಾಪುರದವಳು: ನನಗೂ ಬೆನ್ನುನೋವು ಇದೆ. ದಂಡೆಯ ರಸ್ತೆಯ ಗುಂಡಿಗಳಲ್ಲಿ ದಿನಕ್ಕೆ 80 ಕಿ.ಮೀ. ಮೀರಿದರೆ ರಾತ್ರಿ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಗೋಕರ್ಣದಲ್ಲಿ ಒಂದು ವಾರ ನಿಲ್ಲಿ. ಮತ್ತೆ, ರೈಲಿನವರೇ, ಶರಾವತಿಯನ್ನು ಕಿಟಕಿಯಿಂದ ನೋಡಿದರೆ ಸಾಲದು. ಹೊನ್ನಾವರದಲ್ಲಿ ಇಳಿದು ದೋಣಿ ಹತ್ತಬೇಕು.